ಬೇಡ ಅಂದವರ ಕಾರ್ಡು

ಮಕ್ಕಳೇ, ನಿಮ್ಮಲ್ಲಿ ಪೋಕೆಮಾನ್ ಕಾರ್ಡು, ಬೇಸ್‌ಬಾಲ್ ಕಾರ್ಡು ಕೂಡಿಡುವವರು ಎಷ್ಟು ಜನ ಇದ್ದೀರಿ? ಕನ್ನಡ ತರಗತಿಯ ಬಿಡುವಿನಲ್ಲಿ ಚೀಲದಿಂದ ಮೆಲ್ಲಗೆ ಫೋಲ್ಡರ್ ತೆಗೆದು ಅದಲು ಬದಲು ವ್ಯಾಪಾರ ಮಾಡುವುದು ನಮಗೇನೂ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ! ಬೇಕಾದರೆ ನಿಮ್ಮ ಅಪ್ಪ ಅಮ್ಮನನ್ನೂ ಕೇಳಿ ನೋಡಿ. ಬೆಂಕಿಪೊಟ್ಟಣದ ಚಿತ್ರಗಳನ್ನೋ, ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳನ್ನೋ ಅವರೂ ಕೂಡಿಟ್ಟವರೇ ಇರಬಹುದು.

ಈಗ ಹೇಳಹೊರಟಿರುವುದು ಒಂದು ಕಾರ್ಡಿನ ಮೇಲೆ ತಮ್ಮ ಮುಖ ಬೇಡ ಅಂದ ಆಟಗಾರರ ಕಥೆ. ಅವರ ಹೆಸರು ಹೋನಸ್ ವ್ಯಾಗ್ನರ್. ಆ ಕಾರ್ಡು ಎಷ್ಟು ದೊಡ್ಡದು ಗೊತ್ತಾ? ಅಗಲ ಒಂದೂವರೆ ಇಂಚೂ ಇಲ್ಲ, ಉದ್ದ ಎರಡೂವರೆ ಇಂಚಿಗಿಂತ ಚೂರು ಹೆಚ್ಚು. ನಿಮ್ಮ ಅಂಗೈಯಲ್ಲಿ ಮುಚ್ಚಿ ಹಿಡಿದುಕೊಳ್ಳಬಹುದು. 2022ರಲ್ಲಿ ಅಂಥದ್ದೊಂದು ಕಾರ್ಡು 72 ಲಕ್ಷದ 50 ಸಾವಿರ ಡಾಲರಿಗೆ ಮಾರಾಟವಾಯಿತು. ಅದೇನೂ ಹೊಸದಾಗಿ ಹೊಳೆಯುವ ಕಾರ್ಡಲ್ಲ. ಸಂಗ್ರಾಹಕರ ಹತ್ತು ಅಂಕದ ಲೆಕ್ಕದಲ್ಲಿ ಅದಕ್ಕೆ ಸಿಕ್ಕಿದ್ದು ಬರೀ ಎರಡು. ಕನ್ನಡ ಪರೀಕ್ಷೆಯಲ್ಲಿ ಹತ್ತಕ್ಕೆ ಎರಡು ತಂದರೆ ಮನೆಯಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು!

ವ್ಯಾಗ್ನರ್ ಹುಟ್ಟಿದ್ದು 1874ರ ಫೆಬ್ರವರಿ 24ರಂದು, ಪೆನ್ಸಿಲ್ವೇನಿಯಾದಲ್ಲಿ. ಪಿಟ್ಸ್‌ಬರ್ಗ್ ನಗರದ ಪಕ್ಕದ ಆ ಊರಿಗೆ ಈಗ ಕಾರ್ನೆಗಿ ಅಂತ ಹೆಸರು. ತಂದೆ ತಾಯಿ ಜರ್ಮನಿಯಿಂದ ಬಂದವರು. ನಮ್ಮ ಮನೆಗಳ ಹಾಗೇ ಅವರ ಮನೆಯಲ್ಲೂ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ. ಮಗುವಿಗಿಟ್ಟ ಹೆಸರು ಯೊಹಾನಸ್, ಅದೇ ಬಾಯಲ್ಲಿ ಸವೆದು ಸವೆದು ಹೋನಸ್ ಆಯಿತು. ತಂದೆ ಕಲ್ಲಿದ್ದಲ ಗಣಿ ಕೆಲಸಗಾರರು. ಹನ್ನೆರಡು ವರ್ಷಕ್ಕೆ ಹುಡುಗ ಶಾಲೆ ಬಿಟ್ಟು ತಾನೂ ಗಣಿಗಿಳಿದ. ನಿಮ್ಮಲ್ಲಿ ಆರನೇ ಕ್ಲಾಸಿನವರು ಒಂದು ನಿಮಿಷ ಯೋಚಿಸಿ, ಅವನಿಗೆ ಆಗ ನಿಮ್ಮದೇ ವಯಸ್ಸು.

ಬಿಡುವು ಸಿಕ್ಕಾಗ ಅಣ್ಣ ತಮ್ಮಂದಿರೆಲ್ಲ ಸೇರಿ ಚೆಂಡಾಡುತ್ತಿದ್ದರು. ಊರವರ ಕಣ್ಣಿಗೆ ಅಣ್ಣ ಆಲ್ಬರ್ಟನೇ ದೊಡ್ಡ ಆಟಗಾರ. ಅವನ ತಂಡಕ್ಕೆ ಒಬ್ಬ ಆಟಗಾರ ಬೇಕಾದಾಗ ಅವನು ಸೂಚಿಸಿದ್ದು ತಮ್ಮನ ಹೆಸರು. ಹಾಗೆ 1895ರಲ್ಲಿ ಹೋನಸ್ ಸಂಬಳಕ್ಕೆ ಆಡತೊಡಗಿದರು. 1897ರಲ್ಲಿ ಲೂಯಿವಿಲ್ ತಂಡದ ಮೂಲಕ ದೊಡ್ಡ ಲೀಗಿಗೆ ಬಂದರು. 1899 ಮುಗಿದ ಮೇಲೆ ಲೀಗಿನಲ್ಲಿ ತಂಡಗಳ ಸಂಖ್ಯೆ 12ರಿಂದ 8ಕ್ಕೆ ಇಳಿಯಿತು. ಲೂಯಿವಿಲ್ ತಂಡದ ಮಾಲೀಕ ತನ್ನ ಒಳ್ಳೆಯ ಆಟಗಾರರನ್ನೆಲ್ಲ ಕಟ್ಟಿಕೊಂಡು ಪಿಟ್ಸ್‌ಬರ್ಗಿಗೆ ಹೋದ. ವ್ಯಾಗ್ನರ್ ಪಾಲಿಗೆ ಅದು ಮನೆಗೆ ವಾಪಸು ಹೋದ ಹಾಗೇ ಆಯಿತು. 1900ರಿಂದ 1917ರವರೆಗೆ ಅವರು ಪಿಟ್ಸ್‌ಬರ್ಗ್ ಪೈರೇಟ್ಸ್ ಬಿಟ್ಟು ಬೇರೆ ಯಾವ ತಂಡಕ್ಕೂ ಆಡಲಿಲ್ಲ.

ನೋಡಲು ಅವರು ಆಟಗಾರನ ಹಾಗೇ ಇರಲಿಲ್ಲವಂತೆ. ಡೊಂಕು ಕಾಲು, ಉದ್ದನೆಯ ಕೈ, ಅಗಲವಾದ ಅಂಗೈ. ಅವರು ನಿಲ್ಲುತ್ತಿದ್ದದ್ದು ಶಾರ್ಟ್‌ಸ್ಟಾಪ್ ಜಾಗದಲ್ಲಿ, ಅಂದರೆ ಎರಡನೇ ಮತ್ತು ಮೂರನೇ ಬೇಸಿನ ನಡುವೆ. ಕ್ರಿಕೆಟ್ ಬಲ್ಲ ಅಪ್ಪಂದಿರೇ, ನಿಮ್ಮ ಪಾಯಿಂಟ್ ಫೀಲ್ಡರನ್ನು ನೆನೆಸಿಕೊಳ್ಳಿ, ಅಷ್ಟೇ ಚುರುಕು ಬೇಕಾದ ಜಾಗ ಅದು. ನೆಲದ ಮೇಲೆ ಬಂದ ಚೆಂಡನ್ನು ವ್ಯಾಗ್ನರ್ ಮಣ್ಣು, ಕಲ್ಲು ಎಲ್ಲ ಸೇರಿಸಿ ಬಾಚಿಕೊಂಡು ಹಾಗೇ ಮೊದಲ ಬೇಸಿಗೆ ಎಸೆಯುತ್ತಿದ್ದರು, ಅಲ್ಲಿದ್ದವನಿಗೆ ಚೆಂಡಿನ ಜೊತೆ ಜಲ್ಲಿಯೂ ಬರುತ್ತಿತ್ತು ಅಂತ ಹೇಳುತ್ತಾರೆ. ಆ ಕಾಲಿನಲ್ಲೇ 700ಕ್ಕೂ ಹೆಚ್ಚು ಬೇಸ್ ಕದ್ದರು. ಎಂಟು ವರ್ಷ ನ್ಯಾಷನಲ್ ಲೀಗಿನಲ್ಲಿ ಬ್ಯಾಟಿಂಗ್ ಸರಾಸರಿಯಲ್ಲಿ ಎಲ್ಲರಿಗಿಂತ ಮುಂದಿದ್ದರು. ಜನ ಇಟ್ಟ ಅಡ್ಡಹೆಸರು ಫ್ಲೈಯಿಂಗ್ ಡಚ್‌ಮನ್. ಜರ್ಮನ್ನರು ತಮ್ಮನ್ನು ‘ಡಾಯ್ಚ್’ ಅಂದುಕೊಳ್ಳುತ್ತಾರಲ್ಲ, ಅಮೆರಿಕದವರ ಕಿವಿಗೆ ಅದು ‘ಡಚ್’ ಆಯಿತು.

1903ರಲ್ಲಿ ಮೊಟ್ಟಮೊದಲ ವರ್ಲ್ಡ್ ಸೀರೀಸ್ ನಡೆಯಿತು. ಪಿಟ್ಸ್‌ಬರ್ಗ್ ಬಾಸ್ಟನ್ ತಂಡಕ್ಕೆ ಸೋತಿತು. ವ್ಯಾಗ್ನರ್ ಆಟ ಅವರ ಮಟ್ಟಕ್ಕೆ ತೀರಾ ಕಳಪೆ. ಆಮೇಲೆ ಒಂದು ಸಂಗತಿ ನಡೆಯಿತು, ಇದನ್ನು ನೆನಪಿಟ್ಟುಕೊಳ್ಳಿ. ಬ್ಯಾಟಿಂಗ್ ಚಾಂಪಿಯನ್ನರ ಚಿತ್ರಗಳನ್ನೆಲ್ಲ ಒಟ್ಟಿಗೆ ತೂಗುಹಾಕುತ್ತೇವೆ, ನಿಮ್ಮದೂ ಕಳಿಸಿ ಅಂತ ಅವರಿಗೆ ಕೇಳಿಕೆ ಬಂತು. ಅವರು ಕಳಿಸಲಿಲ್ಲ. ಅಷ್ಟು ಕೆಟ್ಟದಾಗಿ ಆಡಿದವನ ಚಿತ್ರ ಅಲ್ಲಿರುವುದು ಸರಿಯಲ್ಲ ಎಂಬುದು ಅವರ ಕಾರಣ. ಕಾರ್ಡಿಗೂ ಮೊದಲು ಅವರು ತಮ್ಮ ಚಿತ್ರಕ್ಕೆ ಬೇಡ ಅಂದದ್ದು ಅದು. ಆ ಸೋಲಿನ ನೋವು ತೀರಿದ್ದು 1909ರಲ್ಲಿ. ಆಗ ಎದುರಿದ್ದದ್ದು ಟೈ ಕಾಬ್ ಆಡುತ್ತಿದ್ದ ಡೆಟ್ರಾಯಿಟ್ ತಂಡ. ಪಿಟ್ಸ್‌ಬರ್ಗ್ 4-3ರಿಂದ ಗೆದ್ದಿತು. ಆ ಸರಣಿಯಲ್ಲಿ ವ್ಯಾಗ್ನರ್ ಕದ್ದ ಬೇಸ್ ಆರು.

ಅದೇ 1909ರಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟ್ ಪ್ಯಾಕಿನೊಳಗೆ ಬೇಸ್‌ಬಾಲ್ ಆಟಗಾರರ ಬಣ್ಣದ ಚಿತ್ರಗಳನ್ನು ಇಡತೊಡಗಿತು. ಈ ದಪ್ಪ ಕಾಗದದಿಂದ ಪ್ಯಾಕು ಮುದುಡದೆ ನಿಲ್ಲುತ್ತಿತ್ತು, ಮಾರಾಟವೂ ಏರುತ್ತಿತ್ತು. 1911ರವರೆಗೆ 500ಕ್ಕೂ ಹೆಚ್ಚು ಬಗೆಯ ಚಿತ್ರ ಬಂದವು. ಇವತ್ತು ಸಂಗ್ರಾಹಕರು ಆ ಗುಂಪನ್ನು ಟಿ206 ಅಂತ ಕರೆಯುತ್ತಾರೆ. ಸಿಗರೇಟ್ ದೊಡ್ಡವರಿಗೆ, ಚಿತ್ರದ ಆಸೆ ಮಕ್ಕಳಿಗೆ. ಅಂಗಡಿ ಮುಂದೆ ನಿಂತು ಬಂದ ಬಂದ ಗಂಡಸರನ್ನೆಲ್ಲ ಚಿತ್ರ ಕೊಡಿ ಅಂತ ಪೀಡಿಸುವ ಹುಡುಗರು ಆ ಕಾಲದ ಊರೂರಲ್ಲೂ ಇದ್ದರು.

ವ್ಯಾಗ್ನರ್ ಒಪ್ಪಿಗೆ ಪಡೆದು ಕೊಟ್ಟರೆ 10 ಡಾಲರ್ ಕೊಡುವುದಾಗಿ ಕಂಪನಿ ಪಿಟ್ಸ್‌ಬರ್ಗಿನ ಜಾನ್ ಗ್ರೂಬರ್ ಎಂಬ ಪತ್ರಕರ್ತರಿಗೆ ಹೇಳಿತ್ತು. ಮುಂದೆ ಏನಾಯಿತು ಎಂಬುದು 1912ರಲ್ಲಿ ಸ್ಪೋರ್ಟಿಂಗ್ ನ್ಯೂಸ್ ಪತ್ರಿಕೆಯಲ್ಲಿ ಅಚ್ಚಾಯಿತು. ತಮ್ಮ ಚಿತ್ರದ ಆಸೆಗೆ ಹುಡುಗರು ಸಿಗರೇಟ್ ಕೊಳ್ಳುವುದು ವ್ಯಾಗ್ನರಿಗೆ ಇಷ್ಟವಿರಲಿಲ್ಲ, ಒಪ್ಪಿಗೆ ಕೊಡಲಿಲ್ಲ. ತಮ್ಮಿಂದ ಗ್ರೂಬರಿಗೆ ನಷ್ಟವಾಗಬಾರದು ಅಂತ 10 ಡಾಲರಿನ ಚೆಕ್ಕನ್ನೂ ಕಳಿಸಿದರು. ಗ್ರೂಬರ್ ಆ ಚೆಕ್ಕನ್ನು ಬ್ಯಾಂಕಿಗೆ ಹಾಕದೆ ಚೌಕಟ್ಟು ಹಾಕಿಸಿ ಇಟ್ಟುಕೊಂಡರಂತೆ. ಅಷ್ಟರಲ್ಲಿ ಒಂದಿಷ್ಟು ಕಾರ್ಡು ಅಚ್ಚಾಗಿ ಹೊರಗೆ ಹೋಗಿದ್ದವು. ಕಂಪನಿ ಅಲ್ಲಿಗೇ ನಿಲ್ಲಿಸಿತು. ಇವತ್ತು ಲೆಕ್ಕಕ್ಕೆ ಸಿಕ್ಕಿರುವುದು ಸುಮಾರು 60, ಅಷ್ಟೇ.

ಎಲ್ಲರೂ ಇದನ್ನು ನಂಬುವುದಿಲ್ಲ. ವ್ಯಾಗ್ನರ್ ತಾವೇ ತಂಬಾಕು ಅಗಿಯುತ್ತಿದ್ದರು, ಚುಟ್ಟಾ ಸೇದುತ್ತಿದ್ದರು. ಲೂಯಿವಿಲ್‌ನಲ್ಲಿದ್ದಾಗ ಒಂದು ಚುಟ್ಟಾ ಕಂಪನಿ ಅವರ ಚಿತ್ರ ಬಳಸಿಕೊಂಡಿತ್ತು. 1905ರಲ್ಲಿ ಬ್ಯಾಟಿನ ಮೇಲೆ ತಮ್ಮ ಸಹಿ ಹಾಕಿಸಲು ಲೂಯಿವಿಲ್ ಸ್ಲಗ್ಗರ್ ತಯಾರಕರ ಜೊತೆ ಕರಾರು ಮಾಡಿಕೊಂಡಿದ್ದರು. ಹೆಸರು ಮಾರಲು ಅವರಿಗೆ ಸಂಕೋಚ ಇರಲಿಲ್ಲ, ಹಾಗಾಗಿ ಕಂಪನಿ ದುಡ್ಡು ಕೊಡದಿದ್ದದ್ದೇ ಕೋಪಕ್ಕೆ ಕಾರಣ ಅನ್ನುವವರಿದ್ದಾರೆ. ನನಗೇನೋ ಆ ವಾದ ಪೂರ್ತಿ ಹಿಡಿಸುವುದಿಲ್ಲ. 1908ರಿಂದ ವರ್ಷಕ್ಕೆ 10,000 ಡಾಲರ್ ಸಂಬಳ ಪಡೆಯುತ್ತಿದ್ದವರು ಅವರು. ದುಡ್ಡೇ ಮುಖ್ಯವಾಗಿದ್ದರೆ ಕೈಯಿಂದ 10 ಡಾಲರ್ ಯಾಕೆ ಕಳಿಸಬೇಕಿತ್ತು? ದೊಡ್ಡವರು ತಾವು ಮಾಡುವುದನ್ನೇ ಮಕ್ಕಳಿಗೆ ಬೇಡ ಅನ್ನುವುದು ನಮ್ಮ ಮನೆಗಳಲ್ಲೂ ದಿನಾ ನಡೆಯುತ್ತೆ. ಫೋನ್ ನೋಡುತ್ತಾ ನೋಡುತ್ತಾ ಫೋನ್ ನೋಡಬೇಡ ಅನ್ನುವವರು ಈ ಸಾಲು ಓದಿ ನಕ್ಕರೆ ಸಾಕು.

1914ರಲ್ಲಿ ವ್ಯಾಗ್ನರ್ 3000ನೇ ಹಿಟ್ ಹೊಡೆದರು. 43ನೇ ವಯಸ್ಸಿನಲ್ಲಿ ಆಟ ಬಿಟ್ಟರು. ಮದುವೆಯಾಯಿತು, ಹೆಣ್ಣುಮಕ್ಕಳಾದರು. ಕ್ರೀಡಾ ಸಾಮಾನಿನ ಅಂಗಡಿ ಇಟ್ಟರು. 1930ರ ಸುಮಾರಿಗೆ ದೇಶಕ್ಕೆ ದೇಶವೇ ಕೆಲಸ ಕಳೆದುಕೊಂಡು ಕೂತಾಗ ಅಂಗಡಿಯೂ ಮುಳುಗಿತು, ಕೈ ಖಾಲಿಯಾಯಿತು. 1933ರಲ್ಲಿ ಹಳೆಯ ತಂಡವೇ ಕರೆದು ಕೋಚ್ ಕೆಲಸ ಕೊಟ್ಟಿತು. 1951ರವರೆಗೂ ಹುಡುಗರಿಗೆ ಚೆಂಡು ಹಿಡಿಯುವುದನ್ನು ಕಲಿಸಿದರು. 1936ರಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಮೊದಲ ಐದು ಜನರನ್ನು ಆರಿಸಿದಾಗ ಅವರಲ್ಲಿ ವ್ಯಾಗ್ನರ್ ಒಬ್ಬರು. ಅವರಿಗೂ ಬೇಬ್ ರೂತ್‌ಗೂ ಬಿದ್ದ ಮತಗಳು ಸಮಸಮ, 215.

1948ರ ಹೊತ್ತಿಗೆ ಲೀಫ್ ಎಂಬ ಕಂಪನಿ ಬಬಲ್ ಗಮ್ ಜೊತೆ ಅವರ ಕಾರ್ಡು ತಂದಿತು. ಚಿತ್ರದಲ್ಲಿ ಮುದುಕ ವ್ಯಾಗ್ನರ್ ಏನು ಮಾಡುತ್ತಿದ್ದಾರೆ ಗೊತ್ತಾ? ಬಾಯಿಗೆ ತಂಬಾಕು ಹಾಕಿಕೊಳ್ಳುತ್ತಿದ್ದಾರೆ! ಮಕ್ಕಳ ಮಿಠಾಯಿ ಜೊತೆ! 1955ರ ಏಪ್ರಿಲ್‌ನಲ್ಲಿ ಪಿಟ್ಸ್‌ಬರ್ಗಿನಲ್ಲಿ ಅವರ ಪ್ರತಿಮೆ ನಿಂತಾಗ ಅವರು ತುಂಬಾ ಸೋತುಹೋಗಿದ್ದರು, ಕಾರಿನಿಂದಲೇ ಕೈ ಬೀಸಿದರು. ಅದೇ ವರ್ಷ ಡಿಸೆಂಬರ್ 6ರಂದು ತೀರಿಕೊಂಡರು, ಆಗ 81 ವರ್ಷ. ಆ ಪ್ರತಿಮೆ ಈಗಲೂ ಪಿಟ್ಸ್‌ಬರ್ಗಿನ ಆಟದ ಮೈದಾನದ ಹೊರಗಿದೆ, ಆ ಕಡೆ ಹೋದಾಗ ನೋಡಿ ಬನ್ನಿ.

ಕಾರ್ಡು ಮಾತ್ರ ಅಲ್ಲಿಂದಾಚೆಗೂ ಬೆಳೆಯುತ್ತಾ ಹೋಯಿತು. ಅದರ ಬೆಲೆ ಹೇಗೆ ಕಟ್ಟುತ್ತಾರೆ? ಕಾರ್ಡು ಹಳೆಯದಾಗಿದ್ದರಷ್ಟೇ ಸಾಲದು. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಯಾವ ಸ್ಥಿತಿಯಲ್ಲಿದೆ, ಇದನ್ನು ನೋಡುತ್ತಾರೆ. ಇನ್ನು ತಪ್ಪು ಅಚ್ಚಾದ ಕಾರ್ಡುಗಳದ್ದೇ ಒಂದು ಲೋಕ. ಅದೇ ಟಿ206 ಗುಂಪಿನಲ್ಲಿ ಶೆರಿ ಮಗೀ ಎಂಬ ಆಟಗಾರನ ಕಾರ್ಡಿದೆ. ಇಂಗ್ಲಿಷಿನಲ್ಲಿ ಅವನ ಹೆಸರಿನ ಕೊನೆಗೆ ಎರಡು ‘ಇ’ ಬರಬೇಕು. ಅಚ್ಚಿನವರು ಮೊದಲಿನ ‘ಇ’ ಜಾಗದಲ್ಲಿ ‘ಐ’ ಹಾಕಿಬಿಟ್ಟರು. ಬೇಗನೆ ಗೊತ್ತಾಗಿ ತಿದ್ದಿದರು. ತಿದ್ದಿದ ಕಾರ್ಡು ಬೇಕಾದಷ್ಟಿವೆ, ತಪ್ಪಾದದ್ದಕ್ಕೆ ಸಾವಿರಾರು ಡಾಲರ್. ಡಿಕ್ಟೇಶನ್‌ನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ನಿಮಗೆ ಅಂಕ ಹೋಗುತ್ತೆ, ಅಲ್ಲಿ ನೋಡಿ! ಇನ್ನೊಬ್ಬ ಜೋ ಡಾಯ್ಲ್. ಅವನು ಆಡುತ್ತಿದ್ದದ್ದು ನ್ಯೂಯಾರ್ಕಿನ ಅಮೆರಿಕನ್ ಲೀಗ್ ತಂಡಕ್ಕೆ. ಅದೇ ಊರಿನ ನ್ಯಾಷನಲ್ ಲೀಗ್ ತಂಡದಲ್ಲಿ ಬೇರೊಬ್ಬ ಡಾಯ್ಲ್ ಇದ್ದ. ಜೋ ಕಾರ್ಡಿನ ಮೇಲೆ ನ್ಯಾಷನಲ್ ಅಂತ ಅಚ್ಚಾಗಿಹೋಯಿತು, ಆಮೇಲೆ ಆ ಪದ ತೆಗೆದರು. ತಪ್ಪು ಉಳಿದ ಕಾರ್ಡುಗಳು ಬೆರಳೆಣಿಕೆಯಷ್ಟು.

ಹಾಗಂತ ತಪ್ಪೆಲ್ಲ ಚಿನ್ನವಲ್ಲ. 1957ರಲ್ಲಿ ಟಾಪ್ಸ್ ಕಂಪನಿ ಹ್ಯಾಂಕ್ ಆ್ಯರನ್ ಕಾರ್ಡಿನಲ್ಲಿ ಫೋಟೋವನ್ನೇ ತಿರುಗುಮುರುಗು ಅಚ್ಚು ಹಾಕಿತು. ಬಲಗೈ ಆಟಗಾರ ಎಡಗೈಯವನಾದ, ಅಂಗಿಯ ಮೇಲಿನ ಸಂಖ್ಯೆ ಕನ್ನಡಿಯಲ್ಲಿ ಕಂಡ ಹಾಗಾಯಿತು. ಆದರೆ ಕಂಪನಿ ಅದನ್ನು ತಿದ್ದಲೇ ಇಲ್ಲ. ಎಲ್ಲ ಕಾರ್ಡಿನಲ್ಲೂ ಅದೇ ತಪ್ಪು ಇರುವಾಗ ಅದಕ್ಕೆ ಹೆಚ್ಚಿನ ಬೆಲೆ ಯಾರು ಕೊಡುತ್ತಾರೆ? ಆ ಕಾರ್ಡಿಗೆ ಬೆಲೆ ಇದೆ, ಆದರೆ ಅದು ಆ್ಯರನ್‌ನ ಹೆಸರಿಗೆ, ತಪ್ಪಿಗಲ್ಲ. ಕಾರ್ಡು ಮಾರುವವರು ಇದು ಎರರ್ ಕಾರ್ಡು ಅಂತ ಬೆಲೆ ಏರಿಸಿದರೆ ನೀವು ಕೇಳಬೇಕಾದ ಪ್ರಶ್ನೆ ಇದೇ: ತಪ್ಪನ್ನು ತಿದ್ದಿದರಾ, ಯಾವಾಗ ತಿದ್ದಿದರು?

ಸ್ಥಿತಿಯ ವಿಷಯಕ್ಕೆ ಬಂದರೆ ಕಥೆ ಸ್ವಲ್ಪ ಕಹಿ. ಚಿತ್ರ ನಡುವೆ ಇದೆಯಾ, ಮೂಲೆ ಚೂಪಾಗಿದೆಯಾ, ಅಂಚು ನೆಟ್ಟಗಿದೆಯಾ, ಮೇಲ್ಮೈಯಲ್ಲಿ ಕಲೆ ಗೀರು ಇದೆಯಾ ಅಂತ ನೋಡಿ ಒಂದರಿಂದ ಹತ್ತರವರೆಗೆ ಅಂಕ ಕೊಡುವ ಕಂಪನಿಗಳಿವೆ. ಪಿಎಸ್‌ಎ ಎಂಬ ಕಂಪನಿ 1991ರಲ್ಲಿ ಮೊದಲು ಅಂಕ ಕೊಟ್ಟದ್ದೇ ಒಂದು ವ್ಯಾಗ್ನರ್ ಕಾರ್ಡಿಗೆ, 8 ಅಂಕ. 1985ರಲ್ಲಿ ಬಿಲ್ ಮಾಸ್ಟ್ರೋ ಎಂಬ ವ್ಯಾಪಾರಿ ಅದನ್ನು 25,000 ಡಾಲರಿಗೆ ಕೊಂಡಿದ್ದರು. ಎರಡೇ ವರ್ಷಕ್ಕೆ 1,10,000ಕ್ಕೆ ಮಾರಿದರು. 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಒಬ್ಬ ಜೊತೆಗಾರರೊಂದಿಗೆ 4,51,000ಕ್ಕೆ ಕೊಂಡರು. ಆಮೇಲೆ ಒಂದು ಬಹುಮಾನ ಯೋಜನೆಯಲ್ಲಿ ಅದು ಫ್ಲೋರಿಡಾದ ಅಂಚೆ ಉದ್ಯೋಗಿಯೊಬ್ಬರ ಪಾಲಾಯಿತು. ಬಹುಮಾನಕ್ಕೆ ತೆರಿಗೆ ಕಟ್ಟಬೇಕಲ್ಲ, ಅಷ್ಟು ದುಡ್ಡಿಲ್ಲದೆ ಅವರು ಹರಾಜಿಗಿಟ್ಟರು. 1996ರಲ್ಲಿ ಅದು 6,40,500ಕ್ಕೆ ಹೋಯಿತು. 2007ರಲ್ಲಿ 28 ಲಕ್ಷ.

ಇಷ್ಟು ಹಳೆಯ ಕಾರ್ಡಿನ ಅಂಚು ಇಷ್ಟು ನೆಟ್ಟಗೆ ಹೇಗೆ ಅಂತ ಗುಸುಗುಸು ಮೊದಲಿಂದಲೂ ಇತ್ತು. 2013ರಲ್ಲಿ ಮಾಸ್ಟ್ರೋ ನ್ಯಾಯಾಲಯದಲ್ಲಿ ಒಪ್ಪಿಕೊಂಡರು: ಬೆಲೆ ಏರಿಸಲು ಅಂಚನ್ನು ಕತ್ತರಿಸಿದ್ದು ತಾವೇ, ಅದನ್ನು ಮುಚ್ಚಿಟ್ಟದ್ದೂ ತಾವೇ. ತಮ್ಮ ಹರಾಜು ವ್ಯವಹಾರದ ಮೋಸಗಳಿಗಾಗಿ ಅವರಿಗೆ 2015ರಲ್ಲಿ 20 ತಿಂಗಳ ಸೆರೆವಾಸ ಆಯಿತು. ಹುಡುಗರಿಗೆ ಕೆಡುಕಾಗಬಾರದು ಅಂತ ಒಬ್ಬರು ಬೇಡ ಅಂದ ಕಾರ್ಡಿಗೆ ಇನ್ನೊಬ್ಬರು ಕತ್ತರಿ ಹಾಕಿ ಲಕ್ಷ ಮಾಡಿದ್ದು ನೋಡಿದರೆ ಬೇಜಾರಾಗುತ್ತೆ.

ಬೇಜಾರು ಕಳೆಯಲು ಜೆಫರ್ಸನ್ ಬರ್ಡಿಕ್ ವಿಷಯ ಹೇಳುತ್ತೇನೆ. ಸಿರಾಕ್ಯೂಸ್ ಊರಿನ ಅವರಿಗೆ ಕೀಲುನೋವಿನಿಂದ ಬೆರಳೇ ಸರಿಯಾಗಿ ಮಡಚಲು ಬರುತ್ತಿರಲಿಲ್ಲ. ಟಿ206 ಎಂಬ ಗುರುತು ಕೊಟ್ಟವರು ಅವರೇ. ವ್ಯಾಗ್ನರ್ ಬದುಕಿರುವಾಗಲೇ ಅವರ ಬೆಲೆಪಟ್ಟಿಯಲ್ಲಿ ಬೇರೆ ಕಾರ್ಡುಗಳಿಗೆಲ್ಲ ಕೆಲವು ಸೆಂಟು, ವ್ಯಾಗ್ನರ್ ಕಾರ್ಡಿಗೆ ಮಾತ್ರ 50 ಡಾಲರ್. ಮೂರು ಲಕ್ಷಕ್ಕೂ ಹೆಚ್ಚು ಕಾರ್ಡು ಮತ್ತು ಚಿತ್ರಗಳನ್ನು ಅವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಪುಕ್ಕಟೆ ಕೊಟ್ಟರು. ಅಲ್ಲೇ ಕೂತು ವರ್ಷಗಟ್ಟಲೆ ಆಲ್ಬಮ್ಮುಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು, ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಅಂಟಿಸಿದ ಕಾರ್ಡಿಗೆ ಸಂತೆಯಲ್ಲಿ ಬೆಲೆ ಬಿದ್ದುಹೋಗುತ್ತೆ. ಬರ್ಡಿಕ್ ಅದರ ಗೊಡವೆಗೇ ಹೋಗಲಿಲ್ಲ. ಆ ರಾಶಿಯಲ್ಲಿ ಒಂದು ವ್ಯಾಗ್ನರ್ ಕಾರ್ಡೂ ಇದೆ.

2010ರಲ್ಲಿ ಬಾಲ್ಟಿಮೋರಿನ ಕ್ರೈಸ್ತ ಸನ್ಯಾಸಿನಿಯರ ಒಂದು ಮಠಕ್ಕೆ ಇಂಥದ್ದೇ ಒಂದು ಕಾರ್ಡು ಬಂತು. ಅಲ್ಲಿದ್ದ ಒಬ್ಬ ಸನ್ಯಾಸಿನಿಯ ಅಣ್ಣನೋ ತಮ್ಮನೋ ತೀರಿಹೋಗುವಾಗ ಬಿಟ್ಟುಹೋದದ್ದು. ಅಂಚು ಕತ್ತರಿಸಿ, ನಡುವೆ ಮಡಿಕೆ ಬಿದ್ದಿದ್ದ ಕಾರ್ಡು. ಆದರೂ 2 ಲಕ್ಷ ಡಾಲರಿಗಿಂತ ಹೆಚ್ಚು ಬಂತು, ದುಡ್ಡು ಅವರ ಸೇವಾಕೆಲಸಗಳಿಗೆ ಹೋಯಿತು. ಮಡಿಕೆ ಬಿದ್ದದ್ದನ್ನು ಮುಚ್ಚಿಡದೆ ಹೇಳಿಯೇ ಮಾರಿದ್ದರು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಗರಾಜ್ ಸೇಲ್‌ನಲ್ಲಿ ಹಳೆಯ ಕಾರ್ಡಿನ ಡಬ್ಬಿ ಸಿಕ್ಕರೆ ಒರೆಸಬೇಡಿ, ರಬ್ಬರ್ ಹಾಕಿ ಉಜ್ಜಬೇಡಿ, ಅಂಚು ಸಮ ಮಾಡಲು ಹೋಗಬೇಡಿ. 1980ರ ಕೊನೆಯ ವರ್ಷಗಳ, 1990ರ ಮೊದಲ ವರ್ಷಗಳ ಕಾರ್ಡುಗಳು ಲೆಕ್ಕವಿಲ್ಲದಷ್ಟು ಅಚ್ಚಾಗಿವೆ, ಹೆಚ್ಚಿನವಕ್ಕೆ ಕಾಗದದ ಬೆಲೆಯೂ ಇಲ್ಲ. ವ್ಯಾಗ್ನರ್ ಕಾರ್ಡೇ ಸಿಕ್ಕಿತು ಅಂತ ಕುಣಿಯುವ ಮೊದಲು ಭೂತಗನ್ನಡಿ ಹಿಡಿದು ಹೆಸರಿನ ಅಕ್ಷರ ನೋಡಿ. ಆ ಕಾಲದ ಕಲ್ಲಚ್ಚಿನಲ್ಲಿ ಅಕ್ಷರದ ಶಾಯಿ ಗಟ್ಟಿಯಾಗಿ ಒಂದೇ ಸಮ ಇರುತ್ತೆ. ಈಚಿನ ನಕಲಿನಲ್ಲಿ ಅದು ಚಿಕ್ಕ ಚಿಕ್ಕ ಚುಕ್ಕಿಗಳಾಗಿ ಕಾಣುತ್ತೆ. ಚುಕ್ಕಿ ಕಂಡರೆ ಕುಣಿಯುವುದು ಬೇಡ, ಪುಸ್ತಕದ ಗುರುತಿಗೆ ಇಟ್ಟುಕೊಳ್ಳಿ.

ಇನ್ನೊಂದು ವಸ್ತು ಉಳಿದಿದೆ. ಅಚ್ಚಿನ ಮನೆಯವರು ರಾಶಿ ರಾಶಿ ಅಚ್ಚು ಹಾಕುವ ಮೊದಲು ಬಣ್ಣ ಸರಿಯಿದೆಯಾ, ಹೆಸರು ಸರಿಯಿದೆಯಾ ಅಂತ ನೋಡಲು ಒಂದು ಕರಡಚ್ಚು ತೆಗೆಯುತ್ತಾರೆ. ಅದೇ ಪ್ರೂಫ್. ಟಿ206ರ ಒಂದು ಪ್ರೂಫ್ ಪಟ್ಟಿ ಉಳಿದುಕೊಂಡಿದೆ. ಒಂದೇ ಕಾಗದದ ಮೇಲೆ ಐದು ಜನ ಸಾಲಾಗಿ: ಮೊರ್ಡಕೈ ಬ್ರೌನ್, ಫ್ರ್ಯಾಂಕ್ ಬವರ್‌ಮನ್, ಸೈ ಯಂಗ್, ಜಾನಿ ಕ್ಲಿಂಗ್, ಅವರ ಜೊತೆ ಹೋನಸ್ ವ್ಯಾಗ್ನರ್. ಎಲ್ಲಿ ಕತ್ತರಿಸಬೇಕು ಅನ್ನುವ ಗೆರೆಗಳು ಹಾಗೇ ಇವೆ, ಮಡಿಸಿಟ್ಟ ಗುರುತುಗಳೂ ಇವೆ. ಅದು ಸಿಕ್ಕಿದ್ದು ಕಾರ್ನೆಗಿಯ ವ್ಯಾಗ್ನರ್ ಮನೆಯಲ್ಲೇ, ಅವರ ಹಳೆಯ ಆಟದ ಉಡುಪಿನ ಜೇಬಿನೊಳಗೆ ಅಂತ ಸಂಗ್ರಾಹಕರು ಹೇಳುತ್ತಾರೆ. ಬೇಡ ಅಂದವರು ಆ ಕಾಗದವನ್ನು ಯಾಕೆ ಹರಿದೆಸೆಯಲಿಲ್ಲ? ನಿಮಗೇನನ್ನಿಸುತ್ತೆ ಅಂತ ಕನ್ನಡದಲ್ಲಿ ಐದು ಸಾಲು ಬರೆದು ಮುಂದಿನ ವಾರ ತನ್ನಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ, ಈ ಸಲ ಅಂಕ ಕತ್ತರಿಸುವುದಿಲ್ಲ.